ಖಾಲಿ ಖಾನೆ ಬಿಟ್ಟ ಮೇಲೆ ಲೆಕ್ಕ ಕೂಡಿ ಬಂತು

ಒಂದೇ ದೇಶದ ಆರು ಪ್ರದೇಶಗಳಲ್ಲಿ ಬದುಕುವ ಖರ್ಚು ಎಷ್ಟೆಷ್ಟು ಬೇರೆ? ಈ ಲೆಕ್ಕಕ್ಕೆ ಕೈ ಹಾಕಿ ನಾಲ್ಕು ವರ್ಷವಾಯಿತು. ಎರಡು ಸುತ್ತು ಹಾಳಾದವು, ಮೂರನೆಯದು ಕೈ ಹಿಡಿಯಿತು. ವರ್ಗವಾಗಿ ಹೋಗುವ ನೌಕರರಿಗೆ ಎಷ್ಟು ಭತ್ಯೆ ಕೊಡಬೇಕು ಅನ್ನುವುದು ನಮ್ಮ ಸಂಸ್ಥೆಯ ಪ್ರಶ್ನೆಯಾಗಿತ್ತು.

‘ಸರ್ಕಾರದ ಬೆಲೆ ಸೂಚ್ಯಂಕ ಇದೆಯಲ್ಲ ಸಾರ್, ಅದನ್ನೇ ಹೋಲಿಸಿದರೆ ಮುಗೀತು’ ಎಂದು ಜೊತೆಯವರು ಹೇಳುತ್ತಲೇ ಇದ್ದರು. ಆ ಸೂಚ್ಯಂಕ ಹೇಳುವುದು ಒಂದು ಜಾಗದ ಬೆಲೆ ವರ್ಷದಿಂದ ವರ್ಷಕ್ಕೆ ಎಷ್ಟು ಏರಿತು ಅಂತ. ಆಧಾರ ವರ್ಷದಲ್ಲಿ ಎಲ್ಲ ಜಾಗವೂ 100. ಈಗ ಒಂದು ಕಡೆ 140, ಇನ್ನೊಂದು ಕಡೆ 130 ಇದ್ದರೆ ಮೊದಲನೆಯದೇ ದುಬಾರಿ ಅಂತಲ್ಲ, ಅಲ್ಲಿ ಏರಿಕೆ ಜಾಸ್ತಿ ಅಷ್ಟೇ. ಇದನ್ನು ಒಪ್ಪಿಸುವುದಕ್ಕೇ ಮೂರು ಮೀಟಿಂಗ್ ಬೇಕಾಯಿತು.

ಮೊದಲ ಸುತ್ತಿನಲ್ಲಿ ಸುಮಾರು 120 ಬಗೆಯ ಸಾಮಾನು, ಸೇವೆ ಹಿಡಿದುಕೊಂಡೆ. ಎರಡೆರಡು ಪ್ರದೇಶ ಜೋಡಿ ಮಾಡಿ ಫಿಶರ್ ಸೂಚ್ಯಂಕ ಹಾಕಿದೆ, ಅಂದರೆ ಎರಡೂ ಕಡೆಯವರ ಖರೀದಿ ಪಟ್ಟಿಯಿಂದ ಬರುವ ಎರಡು ಹೋಲಿಕೆಗಳ ಗುಣೋತ್ತರ ಸರಾಸರಿ. ಒಂದನೇ ಪ್ರದೇಶ ಎರಡನೆಯದಕ್ಕಿಂತ 12 ಶೇಕಡಾ ದುಬಾರಿ, ಎರಡನೆಯದು ಮೂರನೆಯದಕ್ಕಿಂತ 9 ಶೇಕಡಾ ದುಬಾರಿ ಎಂದು ಬಂತು. ಹಾಗಾದರೆ ಒಂದಕ್ಕೂ ಮೂರಕ್ಕೂ 22ರ ಅಂತರ ಇರಬೇಕು, ಅಲ್ವಾ? ನೇರವಾಗಿ ಲೆಕ್ಕ ಹಾಕಿದರೆ 14. ಯಾವ ಅಂಕಿ ಕೊಟ್ಟರೂ ಯಾರೋ ಒಬ್ಬ ನೌಕರರಿಗೆ ಅನ್ಯಾಯ. ಆ ವರದಿಯನ್ನು ನಾನೇ ವಾಪಸ್ ತೆಗೆದುಕೊಂಡೆ.

ಎರಡನೇ ಸುತ್ತು ಹಾಳಾಗಿದ್ದಕ್ಕೆ ಕಾರಣ ಸೂತ್ರ ಅಲ್ಲ, ನಾನು ಕೂಲಿ ಕೊಟ್ಟ ರೀತಿ. ಬೆಲೆ ಬರೆದುಕೊಂಡು ಬರುವ ಹುಡುಗರಿಗೆ ತುಂಬಿದ ಖಾನೆಗೆ ಇಷ್ಟು ಅಂತ ದುಡ್ಡು ಗೊತ್ತು ಮಾಡಿದ್ದೆ. ಒಂದೂ ಖಾನೆ ಖಾಲಿ ಇರಲಿಲ್ಲ. ನೋಡಿ ಖುಷಿಪಟ್ಟೆ. ಆಮೇಲೆ ಅಂಕಿಗಳನ್ನು ಬಿಡಿಸಿದಾಗ ಅರ್ಧಕ್ಕರ್ಧ ಬೆಲೆ 0 ಅಥವಾ 5ಕ್ಕೆ ಮುಗಿಯುತ್ತಿದ್ದವು. ಆ ಪ್ರದೇಶದಲ್ಲಿ ಸಿಗದೇ ಇರುವ ಬ್ರ್ಯಾಂಡಿಗೂ ಬೆಲೆ ಇತ್ತು. ಕೂತ ಜಾಗದಲ್ಲೇ ತುಂಬಿದ್ದರು. ಅವರನ್ನು ಬೈಯಲಿಲ್ಲ, ಖಾಲಿ ಬಿಟ್ಟರೆ ಕೂಲಿ ಇಲ್ಲ ಅಂತ ಹೇಳಿದವನು ನಾನೇ. ಆದರೆ ಸಂಸ್ಥೆ ಕೊಟ್ಟ ಹಣವೆಲ್ಲ ಅಲ್ಲಿಗೆ ಖಾಲಿ. ಮೂರನೇ ಸುತ್ತಿಗೆ ನನ್ನ ಎರಡು ತಿಂಗಳ ಸಂಬಳದಷ್ಟು ಕೈಯಿಂದ ಹಾಕಿದೆ. ಮನೆಯಲ್ಲಿ ಇದನ್ನು ಹೇಳಿದ ದಿನ ನನಗೆ ಇನ್ನೂ ನೆನಪಿದೆ.

ಈ ಸಲ ದಿನಗೂಲಿ ಗೊತ್ತು ಮಾಡಿದೆ. ಬೆಲೆ ಚೀಟಿಯ ಫೋಟೋ ಕಡ್ಡಾಯ, ಪೊಟ್ಟಣದ ತೂಕ ಬರೆಯಲೇಬೇಕು, ಎಲ್ಲ ಪ್ರದೇಶದಲ್ಲೂ ಅದೇ ಎರಡು ವಾರದೊಳಗೆ ಮುಗಿಯಬೇಕು. ಸಿಗದಿದ್ದರೆ ಖಾನೆ ಖಾಲಿ ಬಿಡಿ, ಕೂಲಿ ಕಡಿಮೆ ಆಗುವುದಿಲ್ಲ ಎಂದು ಕೂರಿಸಿಕೊಂಡು ಹೇಳಿದೆ. ಹತ್ತಿರ ಹತ್ತಿರ ಮೂರರಲ್ಲಿ ಒಂದು ಖಾನೆ ಖಾಲಿ ಬಂತು. ‘ಇಷ್ಟು ತೂತಿರುವ ಪಟ್ಟಿಯಿಂದ ಏನು ಲೆಕ್ಕ ತೆಗೆಯುತ್ತೀರಿ’ ಎಂದು ಹಿರಿಯರೊಬ್ಬರು ಎಲ್ಲರೆದುರೇ ಕೇಳಿದರು.

ತೂತಿರುವ ಪಟ್ಟಿಗೇ ಅಂತ ರಾಬರ್ಟ್ ಸಮ್ಮರ್ಸ್ 1973ರಲ್ಲೇ ದಾರಿ ತೋರಿಸಿದ್ದಾರೆ. ನಮ್ಮವರು ಸಿಪಿಡಿ (ಕಂಟ್ರಿ ಪ್ರಾಡಕ್ಟ್ ಡಮ್ಮಿ) ಅನ್ನುವುದು ಅದನ್ನೇ. ದೇಶ ದೇಶಗಳ ನಡುವೆ ಹೋಲಿಸಲು ಹುಟ್ಟಿದ್ದು, ದೇಶದ ಜಾಗಕ್ಕೆ ಪ್ರದೇಶ ಇಟ್ಟರೆ ಆಯಿತು. ಬೆಲೆಯ ಲಾಗ್ (ಲಾಗರಿದಮ್) ತೆಗೆದುಕೊಂಡು ಪ್ರತಿ ವಸ್ತುವಿಗೆ ಒಂದು ಡಮ್ಮಿ (ಹೌದಾದರೆ 1, ಅಲ್ಲದಿದ್ದರೆ 0 ಅನ್ನುವ ಗುರುತು), ಪ್ರತಿ ಪ್ರದೇಶಕ್ಕೆ ಒಂದು ಡಮ್ಮಿ ಇಟ್ಟು ಎಲ್ಲವನ್ನೂ ಒಂದೇ ಸಮೀಕರಣದಲ್ಲಿ ಬಿಡಿಸುವುದು; ಕುಟುಂಬದ ಖರ್ಚಿನಲ್ಲಿ ವಸ್ತುವಿನ ಪಾಲು ಎಷ್ಟೋ ಲೆಕ್ಕದಲ್ಲಿ ಅದಕ್ಕೆ ಅಷ್ಟು ತೂಕ. ಯಾವ ದಾರಿಯಲ್ಲಿ ಸುತ್ತಿ ಬಂದರೂ ಉತ್ತರ ಒಂದೇ, 14ಕ್ಕೂ 22ಕ್ಕೂ ಜಗಳವೇ ಇಲ್ಲ. ಅಮೆರಿಕ ಸರ್ಕಾರದ ಆರ್ಥಿಕ ವಿಶ್ಲೇಷಣೆ ಕಚೇರಿ ಬಿಇಎ ತನ್ನ ರಾಜ್ಯಗಳ ಬೆಲೆ ಮಟ್ಟ ಹೋಲಿಸುವಾಗ ಹಲವು ಪ್ರದೇಶಗಳನ್ನು ಒಟ್ಟಿಗೇ ಹೋಲಿಸುವ ಗಿಯರಿ ವಿಧಾನದ ಜೊತೆಗೆ ಇದೇ ಜಾತಿಯ ಲೆಕ್ಕವನ್ನೂ ಬಳಸುತ್ತದೆ.

ಅಪಾಯ ಇಲ್ಲದೆ ಇಲ್ಲ. ಒಂದು ಪ್ರದೇಶದಲ್ಲಿ ಬೇರೆ ಕಡೆಗಿಂತ ದುಬಾರಿಯಾಗುವ ವಸ್ತುಗಳೇ ಅಲ್ಲಿನ ಪಟ್ಟಿಯಿಂದ ಕಾಣೆಯಾದರೆ ಉತ್ತರ ವಾಲುತ್ತದೆ. ಅದಕ್ಕೆ ಒಂದೊಂದೇ ವಸ್ತುವನ್ನು ತೆಗೆದು ಮತ್ತೆ ಮತ್ತೆ ಓಡಿಸಿದೆ. ಎಲ್ಲ ಕಡೆಯೂ ಸಿಗಲೇಬೇಕಾದ ಹದಿನಾಲ್ಕು ಸೇತುವೆ ವಸ್ತುಗಳ ಪಟ್ಟಿ ನನ್ನ ಹತ್ತಿರ ಇದೆ. ಅದನ್ನು ಹೇಗೆ ಆರಿಸಿದೆ ಅಂತ ಇಲ್ಲಿ ಹೇಳುವುದಿಲ್ಲ, ಕಷ್ಟಪಟ್ಟು ಕಂಡುಕೊಂಡಿದ್ದು.

ಮನೆ ಬಾಡಿಗೆಯನ್ನು ಇದಕ್ಕೆ ಸೇರಿಸಬೇಡಿ, ಬೇರೆಯೇ ಮಾಡಿ. ಜಾಹೀರಾತಿನ ಬಾಡಿಗೆ ನಂಬಿ ನಾನು ಕೆಟ್ಟಿದ್ದೇನೆ. ಅದು ಖಾಲಿ ಇರುವ ಮನೆಗೆ ಕೇಳುವ ಬೆಲೆ. ಒಳಗೆ ಇರುವವರು ಕೊಡುತ್ತಿದ್ದುದು ನನ್ನ ಪಟ್ಟಿಯಲ್ಲಿ ಅದಕ್ಕಿಂತ ಐದನೇ ಒಂದು ಭಾಗದಷ್ಟು ಕಡಿಮೆ, ಮತ್ತೆ ಆ ಅಂತರ ಎಲ್ಲ ಪ್ರದೇಶದಲ್ಲೂ ಒಂದೇ ಅಲ್ಲ. ಕೊಟ್ಟ ಬಾಡಿಗೆಯನ್ನೇ ಕೇಳಿ, ಕೋಣೆ, ಅಳತೆ, ಕಟ್ಟಡದ ವಯಸ್ಸು, ನೀರಿನ ಅನುಕೂಲ ಇವನ್ನೆಲ್ಲ ಲೆಕ್ಕಕ್ಕೆ ತಂದೆ. ಆಗ ಚಿತ್ರ ತಿಳಿಯಾಯಿತು. ಕಾರ್ಖಾನೆಯ ಸಾಮಾನಿನಲ್ಲಿ ಅತಿ ಅಗ್ಗದ ಪ್ರದೇಶಕ್ಕೂ ಅತಿ ದುಬಾರಿ ಪ್ರದೇಶಕ್ಕೂ 6-7 ಶೇಕಡಾ ಅಂತರ. ಸೇವೆಗಳಲ್ಲಿ 30ರ ಹತ್ತಿರ. ಬಾಡಿಗೆಯಲ್ಲಿ ದುಪ್ಪಟ್ಟಿಗೂ ಮೇಲೆ.

ಸುಮ್ನೆ ಕುತೂಹಲಕ್ಕೆ ಇನ್ನೊಂದು ಮಾಡಿ ನೋಡಿದೆ. ಕೂದಲು ಕತ್ತರಿಸುವ ಕೂಲಿ ಒಂದನ್ನೇ ಇಟ್ಟುಕೊಂಡು ಪ್ರದೇಶಗಳನ್ನು ಸಾಲಾಗಿ ನಿಲ್ಲಿಸಿದೆ. ಕ್ಷೌರವನ್ನು ಲಾರಿಯಲ್ಲಿ ಹೇರಿ ತರಲು ಆಗುವುದಿಲ್ಲ, ಹಾಗಾಗಿ ಆ ಊರಿನ ಕೂಲಿ, ಅಂಗಡಿ ಬಾಡಿಗೆ ಎರಡೂ ಅದರಲ್ಲಿ ಕೂತಿರುತ್ತವೆ. ಸೇವೆಗಳ ಪೂರ್ತಿ ಲೆಕ್ಕ ಕೊಟ್ಟ ಸಾಲಿಗೂ ಇದಕ್ಕೂ ಬಹುಪಾಲು ಜಾಗ ಹೊಂದಿದವು! ಇನ್ನೊಂದು ಪ್ರಯೋಗದಲ್ಲಿ ಕೆಲಸಕ್ಕೆ ಓಡಾಡುವ ಖರ್ಚನ್ನು ಬಾಡಿಗೆಗೆ ಕೂಡಿಸಿದೆ. ಅಗ್ಗದ ಬಾಡಿಗೆಯ ಹೊರವಲಯಕ್ಕೂ ನಗರದ ನಡುವಿಗೂ ಇದ್ದ ಅಂತರದಲ್ಲಿ ಮೂರನೇ ಒಂದು ಭಾಗ ಕರಗಿತು.

ಕೊನೆಗೆ ಪರೀಕ್ಷೆ. ವರ್ಗವಾಗಿ ಹೋದ ಮೂವತ್ತಕ್ಕೂ ಹೆಚ್ಚು ಕುಟುಂಬಗಳು ಹೋಗುವ ಮೊದಲು, ಹೋದ ಮೇಲೆ ಎರಡೆರಡು ತಿಂಗಳು ಖರ್ಚು ಬರೆದಿಟ್ಟರು. ಅವರ ಖರ್ಚು ಎಷ್ಟು ಏರಬೇಕು ಅಂತ ನಾನು ಮೊದಲೇ ಬರೆದು ಲಕೋಟೆಯಲ್ಲಿ ಹಾಕಿ ಅದೇ ಹಿರಿಯರ ಕೈಗೆ ಕೊಟ್ಟಿದ್ದೆ. ಹೆಚ್ಚಿನವರದು 3-4 ಶೇಕಡಾ ಆಚೀಚೆಯೊಳಗೆ ಕೂತಿತು. ಹಿರಿಯರು ಲಕೋಟೆ ಒಡೆದು ಎರಡು ಸಲ ಓದಿದರು, ಆಮೇಲೆ ಇನ್ನೆರಡು ಪ್ರದೇಶ ಸೇರಿಸಲು ಎಷ್ಟಾಗುತ್ತದೆ ಎಂದು ಕೇಳಿದರು.

ಲೆಕ್ಕ ತಪ್ಪಿದ್ದು ಒಂದು ಪ್ರದೇಶದಲ್ಲಿ, ಸೆಕೆ ಜಾಸ್ತಿ ಇರುವ ಕಡೆ. ಅಲ್ಲಿ ಕರೆಂಟಿನ ಯೂನಿಟ್ ದರ ಬೇರೆ ಕಡೆಗಿಂತ ಕಡಿಮೆಯೇ, ಆದರೆ ರಾತ್ರಿ ನಿದ್ದೆ ಬರಬೇಕಾದರೆ ಎರಡು ಪಟ್ಟು ಯೂನಿಟ್ ಸುಡಬೇಕು. ಬೆಲೆ ಹೋಲಿಸುವ ಸೂತ್ರಕ್ಕೆ ಇದು ಕಾಣುವುದೇ ಇಲ್ಲ. ಈಗ ಕರೆಂಟನ್ನು ಪಟ್ಟಿಯಿಂದ ಹೊರಗಿಟ್ಟು, ಬಿಲ್ಲಿನ ಮೊತ್ತವನ್ನೇ ನೇರವಾಗಿ ಹೋಲಿಸುತ್ತಿದ್ದೇನೆ. ಎರಡು ಬೇಸಿಗೆಯ ಬಿಲ್ಲು ಕೈಯಲ್ಲಿವೆ, ಮೂರನೆಯದು ಬರಬೇಕು.