ಗುಬ್ಬಿ ಅನ್ನೋ ಬೆಕ್ಕು, ಮತ್ತೆ ನನಗೆ ತಡವಾಗಿ ಹೊಳೆದಿದ್ದು

ಹೆಸರು ಗುಬ್ಬಿ, ಆದ್ರೆ ಬೆಕ್ಕು. ಮೂಲೇಲಿ ಮೈ ಮುದುರ್ಕೊಂಡು ಕೂರ್ತಿದ್ಳು ಅಂತ ಹಾಗೆ ಕರೆದೆ. ರೆಸ್ಕ್ಯೂ ಮಾಡಿದಾಗ ಒಂದೂವರೆ ವರ್ಷ ಇರಬಹುದು ಅಂದ್ರು ವೆಟ್, ಅಂದ್ರೆ ಪ್ರಾಣಿ ಡಾಕ್ಟರ್. ಮರಿಗಳಾದ್ರೆ 2ರಿಂದ 7 ವಾರದೊಳಗೆ ಮನುಷ್ಯರ ಕೈಗೆ ಸಲೀಸಾಗಿ ಹೊಂದ್ಕೊಳ್ತವೆ, ಇವಳಿಗೆ ಆ ಟೈಮ್ ಯಾವಾಗ್ಲೋ ಮುಗಿದಿತ್ತು, ಅದಕ್ಕೇ ಅಡಾಪ್ಷನ್‌ಗೆ ಕೊಡೋ ಮುಂಚೆ ಸ್ವಲ್ಪ ದಿನ ನಮ್ಮನೇಗೆ ಬಂದ್ಳು.

ಚಿಕ್ಕ ರೂಮ್ ಒಂದು ಪೂರ್ತಿ ಅವಳಿಗೇ ಬಿಟ್ಟೆ. ಮಂಚದಡಿ ಸೇರ್ಕೊಂಡ್ರೆ ಮುಗೀತು ಕಥೆ, ಅದಕ್ಕೆ ಅಲ್ಲೆಲ್ಲ ದಿಂಬು ತುರುಕಿ ಮುಚ್ಚಿ ಬದಲಿಗೆ ಎರಡು ಕಡೆ ಬಾಗಿಲು ಕೊಯ್ದ ರಟ್ಟಿನ ಡಬ್ಬ ಇಟ್ಟೆ. ಅಡಗೋಕೆ ಜಾಗ ಬೇಕೇ ಬೇಕು, ಎಲ್ಲಿ ಅನ್ನೋದು ಮಾತ್ರ ನಮ್ಮ ಕೈಲಿರಲಿ. ಮೊದಲ ರಾತ್ರಿ ಊಟ ಮುಟ್ಲಿಲ್ಲ, ನನಗೆ ಹೆದರಿಕೆ, ಯಾಕಂದ್ರೆ ಬೆಕ್ಕು ಒಂದೆರಡು ದಿನ ಪೂರ್ತಿ ಉಪವಾಸ ಇದ್ರೆ ಲಿವರ್‌ನಲ್ಲಿ ಕೊಬ್ಬು ತುಂಬ್ಕೊಳ್ಳೋ ಅಪಾಯ ಇದೆ. ಮರುದಿನ ಸಂಜೆಗೆ ವೆಟ್‌ಗೆ ಫೋನ್ ಮಾಡೋಣ ಅನ್ಕೊಂಡಿದ್ದೆ, ಮಧ್ಯಾಹ್ನ ನೋಡಿದ್ರೆ ಬಟ್ಟಲು ಖಾಲಿ.

ಆಮೇಲೆ ದಿನಾ ಎರಡು ಹೊತ್ತು ನೆಲದ ಮೇಲೆ ಅವಳಿಗೆ ಓರೆಯಾಗಿ ಕೂತ್ಕೊಂಡು ಮೆತ್ತಗೆ ಪೇಪರ್ ಓದ್ತಿದ್ದೆ, ಮಧ್ಯೆ ಮಧ್ಯೆ ಅವಳ ಕಡೆ ನೋಡಿ ಹೆದರಬೇಡ ಅನ್ನೋ ಹಾಗೆ ನಿಧಾನಕ್ಕೆ ಕಣ್ಣು ಮುಚ್ಚಿ ತೆಗೀತಿದ್ದೆ. ಮನೇವ್ರು ನಕ್ಕಿದ್ದೇ ನಕ್ಕಿದ್ದು, ಆದ್ರೆ ಇದು ಸುಮ್ನೆ ಹೇಳೋ ಮಾತಲ್ಲ, 2020ರಲ್ಲಿ ಸಸೆಕ್ಸ್ ಯೂನಿವರ್ಸಿಟಿಯವ್ರು ಇದನ್ನ ಸ್ಟಡಿ ಮಾಡಿ ಪ್ರಕಟಿಸಿದ್ದಾರೆ. ಹತ್ತನೇ ದಿನವೋ ಏನೋ, ಡಬ್ಬದೊಳಗಿಂದ ವಾಪಸ್ ಕಣ್ಣು ಮಿಟುಕಿಸಿದ್ಳು.

ಉದ್ದ ಹಿಡಿಯ ಚಮಚದಲ್ಲಿ ಬೆಕ್ಕಿನ ಒದ್ದೆ ಊಟ ಚಾಚ್ತಾ, ದಿನ ಕಳೆದ ಹಾಗೆ ಚಮಚಾನ ತುದಿಗೆ ಹತ್ರ ಹಿಡೀತಾ ಬಂದೆ, ಕೊನೆಗೆ ಬೆರಳಿಂದಾನೇ ನೆಕ್ಕಿದ್ಳು. ಆವತ್ತು ಖುಷೀಲಿ ಒಂದು ಎಡವಟ್ಟು ಮಾಡ್ದೆ. ಕೆನ್ನೆ ಉಜ್ಜಿಸ್ಕೊಂಡಳಲ್ಲ ಅಂತ ಬೆನ್ನ ಮೇಲೂ ಕೈ ಎಳೆದೆ, ಬಾಲ ಪಟಪಟ ಬಡೀತಿದ್ದಿದ್ದು ಕಂಡಿದ್ರೂ ಕೈ ನಿಲ್ಲಿಸ್ಲಿಲ್ಲ. ಮುಂಗೈ ಪರಚಿ ಡಬ್ಬ ಸೇರಿದ್ಳು, ಒಂದು ವಾರ ಮತ್ತೆ ಚಮಚ. ಈಗ್ಲೂ ಮೂರು ಸಲ ಸವರಿದ್ಮೇಲೆ ಕೈ ತೆಗೆದು ಕಾಯ್ತೀನಿ, ಇನ್ನೂ ಬೇಕಿದ್ರೆ ತಾನಾಗೇ ತಲೆ ಒತ್ತಲಿ.

ಎರಡು ತಿಂಗಳಿಗೆ ತೊಡೆ ಮೇಲೆ ಮಲಗೋ ಹಾಗಾದ್ಳು, ಸರಿ ಯಾರಾದ್ರೂ ನೋಡ್ಲಿ ಅಂತ ಒಬ್ಬರನ್ನ ಕರೆದೆ, ಅವ್ರು ಬಾಗಿಲು ತೆಗೆದಿದ್ದೇ ತಡ ಬುಸ್ ಅಂತ ಪರದೆ ಹತ್ತಿದ್ಳು. ಅಲ್ಲಿಗೆ ಅರ್ಥ ಆಯ್ತು, ಅವಳಿಗೆ ಧೈರ್ಯ ಬಂದಿದ್ದು ನನ್ನ ಮೇಲಷ್ಟೇ, ಮನುಷ್ಯರ ಮೇಲಲ್ಲ. ಅಷ್ಟೂ ದಿನ ಬೇರೆ ಯಾರನ್ನೂ ಒಳಗೆ ಬಿಡದೆ ಇದ್ದಿದ್ದು ನಾನೇ.

ಮತ್ತೆ ಶುರು. ವಾರಕ್ಕೆ ಇಬ್ಬರು ಮೂವರು ಫ್ರೆಂಡ್ಸ್, ದಪ್ಪ ದನಿಯವ್ರು, ಗಡ್ಡದವ್ರು, ದಡದಡ ನಡೆಯೋವ್ರು, ಎಲ್ಲರಿಗೂ ಒಂದೇ ಚಮಚ, ಒಂದೇ ರೂಲ್, ನೀವಾಗಿ ಮುಟ್ಟಬೇಡಿ. ನಾಲ್ಕನೆಯವ್ರಿಗೆ ಬುಸ್ ಅನ್ನೋದು ನಿಲ್ತು. ಬೆಕ್ಕು ಸಾಗಿಸೋ ಕ್ಯಾರಿಯರ್ ಬುಟ್ಟಿ ಕೂಡ ಬಾಗಿಲು ತೆಗೆದು ರೂಮಲ್ಲೇ ಇಟ್ಟಿದ್ದೆ, ನಿದ್ದೆಗೆ ಅದರೊಳಗೇ ಹೋಗೋಕೆ ಶುರು ಮಾಡಿದ್ಳು.

ಕೊನೆಗೆ ಕರ್ಕೊಂಡು ಹೋದ ಹುಡುಗಿ ಅದಕ್ಕೂ ಮುಂಚೆ ಐದು ಸಲ ಬಂದು ಕೂತಿದ್ಳು. ವಾಸನೆ ಪರಿಚಯ ಆಗ್ಲಿ ಅಂತ ಆ ಹುಡುಗಿಯ ಹಳೇ ಟೀ ಶರ್ಟ್ ಡಬ್ಬದಲ್ಲಿ ಹಾಕಿಟ್ಟಿದ್ದೆ, ಹೋಗುವಾಗ ಗುಬ್ಬಿ ಮಲಗ್ತಿದ್ದ ಕಂಬಳೀನ ಒಗೀದೆ ಹಾಗೇ ಕೊಟ್ಟೆ, ಪೂರ್ತಿ ಹೊಂದ್ಕೊಳ್ಳೋಕೆ ಮೂರು ತಿಂಗಳಾದ್ರೂ ಬೇಕು ಅಂತಾನೂ ಹೇಳಿದ್ದೆ. ಎರಡನೇ ದಿನ ಮೆಸೇಜ್: "ವಾಷಿಂಗ್ ಮಷೀನ್ ಹಿಂದೆ ಕೂತಿದ್ದಾಳೆ, ಏನ್ಮಾಡ್ಲಿ?" ಊಟ ಮಾಡಿದ್ಲಾ ಅಂತ ಕೇಳ್ದೆ, ಹೂಂ ಅಂದ್ಳು. ಹಾಗಾದ್ರೆ ಪೇಪರ್ ತಗೊಂಡು ನೆಲದ ಮೇಲೆ ಕೂತ್ಕೋ ಅಂದೆ.