ಬೆಟ್ಟದ ಬಿಸಿನೀರಿನ ಹೋಟೆಲ್: ದುಡ್ಡೂ ಉಳಿಯಲಿ, ತಲೆಯೂ ಸುತ್ತದಿರಲಿ

ಬಿಸಿನೀರಿನ ಕೊಳದ ಕಟ್ಟೆ ಮೇಲೆ ತಲೆ ಹಿಡಿದು ಕೂತವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಎಲ್ಲರದ್ದೂ ಒಂದೇ ಕಥೆ. ದಿನವಿಡೀ ಬೆಟ್ಟದ ತಿರುವುಗಳಲ್ಲಿ ಪ್ರಯಾಣ, ಸರಿಯಾಗಿ ನೀರು ಕುಡಿದಿಲ್ಲ, ರೂಮಿಗೆ ಬ್ಯಾಗು ಎಸೆದದ್ದೇ ಕೊಳಕ್ಕೆ ಓಟ. ಕೊಟ್ಟ ದುಡ್ಡು ವಸೂಲಾಗಲಿ ಅಂತ ಒಂದು ಗಂಟೆ ಕೂರುತ್ತಾರೆ. ಎದ್ದ ಕೂಡಲೇ ಕಣ್ಣು ಕತ್ತಲೆ.

ಮೊದಲ ಹೆಜ್ಜೆ ಹೋಟೆಲ್ ಆರಿಸುವುದು. ‘ಸ್ಪಾ’ ಅಂತ ಬೋರ್ಡ್ ಇದ್ದಲ್ಲೆಲ್ಲ ಬುಗ್ಗೆ ಇರುವುದಿಲ್ಲ. ನಲ್ಲಿ ನೀರನ್ನೇ ಕಾಯಿಸಿ ಬಿಡುವವರೂ ಇದ್ದಾರೆ. ನೀರು ಎಲ್ಲಿಂದ ಬರುತ್ತದೆ, ಬುಗ್ಗೆಯಲ್ಲಿ ಎಷ್ಟು ಬಿಸಿ, ಕೊಳದಲ್ಲಿ ಎಷ್ಟು ಎಂದು ಫೋನಿನಲ್ಲೇ ಕೇಳಿ. ತಡವರಿಸಿದರೆ ಬೇರೆ ಕಡೆ ನೋಡಿ. ಯಾವುದನ್ನು ಬುಗ್ಗೆಯ ನೀರು ಎನ್ನಬೇಕು ಎಂಬುದಕ್ಕೆ ಜಪಾನಿನಲ್ಲಿ 1948ರ ಕಾನೂನೇ ಇದೆ: ನೀರು ಹೊರಬರುವಾಗ ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಇರಬೇಕು, ಇಲ್ಲವೇ ಪಟ್ಟಿಯಲ್ಲಿರುವ ಖನಿಜಗಳಲ್ಲಿ ಯಾವುದಾದರೂ ಒಂದು ನಿಗದಿಯಷ್ಟು ಇರಬೇಕು. ಸ್ವಿಟ್ಜರ್ಲೆಂಡಿನ ಲಾಯ್ಕರ್‌ಬಾಡ್‌ನಲ್ಲಿ ನೀರು ಸುಮಾರು 51 ಡಿಗ್ರಿಯಲ್ಲಿ ಉಕ್ಕುತ್ತದೆ. ಹಿಮಾಚಲದ ಮಣಿಕರಣದ ಬುಗ್ಗೆಯಲ್ಲಂತೂ ಅಕ್ಕಿ ಬೇಯುತ್ತದೆ! ಇಂಥ ನೀರನ್ನು ತಣಿಸಿಯೇ ಕೊಳಕ್ಕೆ ಬಿಡಬೇಕು. ಹಾಗಾಗಿ ‘ನಮ್ಮ ನೀರೇ ಎಲ್ಲರಿಗಿಂತ ಬಿಸಿ’ ಎಂಬ ಜಾಹೀರಾತಿಗೆ ಮರುಳಾಗಬೇಡಿ.

ಖರ್ಚು ಉಳಿಸುವ ದಾರಿ ಸುಲಭ. ಊರಲ್ಲಿ ಸಾರ್ವಜನಿಕ ಸ್ನಾನಗೃಹ ಇದ್ದರೆ, ಅದರ ಪಕ್ಕದ ಸಾದಾ ಲಾಡ್ಜ್ ಸಾಕು. ವಾರದ ನಡುವೆ ಹೋಗಿ. ಬಾಡಿಗೆಯಲ್ಲಿ ಕೊಳದ ಪ್ರವೇಶ, ಟವೆಲ್ ಸೇರಿದೆಯಾ ಎಂದು ಬುಕ್ ಮಾಡುವ ಮೊದಲೇ ಕೇಳಿ. ಬಿಲ್ ಉಬ್ಬುವುದು ಅಲ್ಲೇ. ‘ದೇಹದ ವಿಷ ತೆಗೆಯುವ’ ಪ್ಯಾಕೇಜ್ ಮಾತ್ರ ಬೇಡವೇ ಬೇಡ. ಆ ಕೆಲಸವನ್ನು ಲಿವರ್ ಮತ್ತು ಕಿಡ್ನಿ ಸುಮ್ನೆ ಮಾಡುತ್ತಿವೆ, ಪುಕ್ಕಟೆಯಾಗಿ.

ಹಳೆಯ ಗಾಢ ಬಣ್ಣದ ಈಜುಡುಗೆ, ಜಾರದ ಚಪ್ಪಲಿ, ನೀರಿನ ಬಾಟಲಿ ಇಟ್ಟುಕೊಳ್ಳಿ. ಬೆಳ್ಳಿ ಒಡವೆ ರೂಮಿನಲ್ಲೇ ಇರಲಿ, ಗಂಧಕದ ನೀರಿಗೆ ಕಪ್ಪಾಗುತ್ತದೆ.

ಈಗ ಎಲ್ಲರೂ ಎಡವುವ ಹೆಜ್ಜೆ. ಬಂದ ತಕ್ಷಣ ನೀರಿಗೆ ಇಳಿಯಬೇಡಿ. ಎರಡು ಲೋಟ ನೀರು ಕುಡಿದು, ಲಘುವಾಗಿ ಏನಾದರೂ ತಿಂದು, ಒಂದು ಗಂಟೆ ಕೂತುಕೊಳ್ಳಿ. ಆಮೇಲೆ ಸೋಪು ಹಚ್ಚಿ ಸ್ನಾನ. ಹೌದು, ಕೊಳಕ್ಕೆ ಇಳಿಯುವ ಮೊದಲೇ! ಮೈಗೆ ಬರೀ ನೀರು ಚಿಮುಕಿಸಿಕೊಂಡರೆ ಬೆವರು, ಕ್ರೀಮು ಎಲ್ಲ ಕೊಳದಲ್ಲೇ ತೇಲುತ್ತವೆ.

ಕೊಳಗಳು ಹಲವಿದ್ದರೆ ಕಡಿಮೆ ಬಿಸಿಯದರಿಂದ ಶುರು ಮಾಡಿ. 37–38 ಡಿಗ್ರಿ ಹಿತ. 42 ಅಂದರೆ ಜಾಸ್ತಿಯೇ ಆಯಿತು. ಮೊದಲು ಪಾದ, ಆಮೇಲೆ ಸೊಂಟದವರೆಗೆ, ಎರಡು ನಿಮಿಷ ಬಿಟ್ಟು ಎದೆಯವರೆಗೆ. ಹತ್ತು ನಿಮಿಷ ಸಾಕು, ಹದಿನೈದು ಗರಿಷ್ಠ. ಗಡಿಯಾರ ನೋಡಿಯೇ ಕೂರಿ. ಮೈಗೆ ಹಿತವಾಗಿರುವಾಗ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ, ಅಲ್ವಾ?

ಏಳುವಾಗ ಇನ್ನೂ ಜಾಗ್ರತೆ ಬೇಕು. ಬಿಸಿಗೆ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿದಿರುತ್ತದೆ. ದಡಕ್ಕನೆ ಎದ್ದರೆ ಮಿದುಳಿಗೆ ರಕ್ತ ಸಾಲದು. ಅದಕ್ಕೇ ಮೊದಲು ಮೆಟ್ಟಿಲ ಮೇಲೆ ಒಂದು ನಿಮಿಷ ಕೂತು, ಕಂಬಿ ಹಿಡಿದು ಮೇಲೆ ಬನ್ನಿ. ಅರ್ಧ ಗಂಟೆ ವಿಶ್ರಾಂತಿ, ನೀರು, ಬೇಕಿದ್ದರೆ ಇನ್ನೊಂದು ಸಲ. ನನ್ನ ಪ್ರಕಾರ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಯಾರಿಗೂ ಬೇಡ.

ತಲೆ ಮುಳುಗಿಸಬೇಡಿ. ಕ್ಲೋರಿನ್ ಹಾಕದ ಬೆಚ್ಚಗಿನ ಸಿಹಿನೀರಲ್ಲಿ ಮೂಗಿನಿಂದ ಮಿದುಳಿಗೆ ಹೋಗುವ ಅಮೀಬಾ ಇರಬಹುದು. ಅಪರೂಪ, ಆದರೆ ಬಂದರೆ ಬದುಕುವುದು ಕಷ್ಟ. ಮದ್ಯ ಕುಡಿದು ಇಳಿಯುವುದಂತೂ ಬೇಡ. ಗರ್ಭಿಣಿಯರು, ಹೃದಯದ ಕಾಯಿಲೆ ಇದ್ದವರು, ಬಿಪಿ ಮಾತ್ರೆ ನುಂಗುವವರು ಹೊರಡುವ ಮೊದಲೇ ಡಾಕ್ಟರನ್ನು ಕೇಳಲಿ.

ಕಿಟಕಿಯಿಲ್ಲದ ಸ್ನಾನದ ಕೋಣೆ ಕೊಟ್ಟರೆ ಬೇಡ ಅನ್ನಿ. ಗಂಧಕದ ನೀರಿನಿಂದ ಬರುವ ಕೊಳೆತ ಮೊಟ್ಟೆಯಂಥ ವಾಸನೆ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲದ್ದು. ಸ್ವಲ್ಪ ಹೊತ್ತಿಗೆ ಮೂಗು ಅದಕ್ಕೆ ಒಗ್ಗಿ ವಾಸನೆಯೇ ಗೊತ್ತಾಗುವುದಿಲ್ಲ, ಅನಿಲ ಮಾತ್ರ ಅಲ್ಲೇ ಇರುತ್ತದೆ.

ಚರ್ಮ ಸೂಕ್ಷ್ಮವಾಗಿದ್ದರೆ ಕೊನೆಗೆ ಸಾದಾ ನೀರು ಸುರಿದುಕೊಳ್ಳಿ. ಈಜುಡುಗೆಯನ್ನು ಅಂದೇ ಜಾಲಿಸಿ ಒಣಗಿಸಿ. ಹೊರಡುವ ದಿನ ರೂಮು ಬಿಟ್ಟ ಮೇಲೂ ಕೊಳ ಬಳಸಬಹುದಾ ಎಂದು ಕೌಂಟರಿನಲ್ಲಿ ಕೇಳಿ. ಕೆಲವು ಕಡೆ ಬಿಡುತ್ತಾರೆ, ಆದರೆ ತಾವಾಗಿ ಹೇಳುವುದಿಲ್ಲ.