ಮಳೆ ನೀರು ಕುಡಿದ ಮೋಟಾರ್

ಅಮ್ಮನಿಗೆ ಮಂಡಿ ನೋವು. ನಮ್ಮ ಎತ್ತರದ ಗಾಡಿ ಹತ್ತಲು ಕಷ್ಟ ಪಡುತ್ತಿದ್ದರು. ಅದಕ್ಕೇ ಬಾಗಿಲು ತೆರೆದ ಕೂಡಲೇ ತಾನಾಗಿ ಕೆಳಗಿಳಿಯುವ ಮೋಟಾರ್ ಮೆಟ್ಟಿಲು ಹಾಕಿಸಿದ್ದೆ. ಎರಡನೇ ವರ್ಷ ಕಕ್ಕಡದ (ಕೊಡಗಿನಲ್ಲಿ ಜುಲೈ-ಆಗಸ್ಟ್ ಹೊತ್ತಿನ ತಿಂಗಳು) ಮಳೆ ಮುಗಿಯುವ ಹೊತ್ತಿಗೆ ಎಡಗಡೆಯದ್ದು ಅಲ್ಲಾಡಲಿಲ್ಲ. ಹೊಸ ಫ್ಯೂಸ್ ಹಾಕಿದೆ, ಅದೂ ಸುಟ್ಟಿತು. ಗ್ಯಾರೇಜಿನವರು ಇಡೀ ಸೆಟ್ ಬದಲಾಯಿಸಬೇಕು ಅಂದರು. ಬೆಲೆ ಕೇಳಿ ಗಾಡಿ ಮನೆಗೆ ತಂದೆ.

ಒಂದು ಮಾತು ಮೊದಲೇ ಹೇಳಬೇಕು. ಮೆಟ್ಟಿಲನ್ನು ಕೈಯಿಂದ ಎಳೆದು ನೋಡಿ, ಬರಲಿಲ್ಲ ಅಂದ ಮಾತ್ರಕ್ಕೆ ಮೋಟಾರ್ ಜಾಮ್ ಅಂತ ತೀರ್ಮಾನಿಸಬೇಡಿ. ಒಳಗಿರುವುದು ವರ್ಮ್ ಗೇರ್, ಅಂದರೆ ಸ್ಕ್ರೂನಂಥ ದಂಡ ಹಲ್ಲಿನ ಚಕ್ರವನ್ನು ತಿರುಗಿಸುವ ಜೋಡಿ. ಮೋಟಾರ್ ಗೇರನ್ನು ತಿರುಗಿಸುತ್ತದೆ, ಗೇರ್ ಮೋಟಾರನ್ನು ತಿರುಗಿಸುವುದಿಲ್ಲ. ಒಳ್ಳೆಯ ಮೋಟಾರೂ ಹೊರಗಿನಿಂದ ಬಿಗಿಯಾಗಿಯೇ ಇರುತ್ತದೆ.

ಬ್ಯಾಟರಿ ವೈರ್ ತೆಗೆದು ಮೋಟಾರ್ ಬಿಚ್ಚಿದೆ. 12 ವೋಲ್ಟ್ ನೇರ ಕೊಟ್ಟೆ, ವೈರ್ ಅದಲು ಬದಲು ಮಾಡಿಯೂ ಕೊಟ್ಟೆ. ಸಣ್ಣ ಗುಂಯ್ ಶಬ್ದ, ಅಷ್ಟೇ. ಕೂಡಲೇ ವೈರ್ ತೆಗೆದೆ. ತಿರುಗದೆ ನಿಂತ ಮೋಟಾರ್ ಕರೆಂಟ್ ತುಂಬಾ ಜಾಸ್ತಿ ಎಳೆಯುತ್ತದೆ, ಹಾಗೇ ಬಿಟ್ಟರೆ ವೈಂಡಿಂಗ್ (ಒಳಗಿನ ತಾಮ್ರದ ತಂತಿಯ ಸುತ್ತು) ಸುಡುತ್ತದೆ. ಫ್ಯೂಸ್ ಹೋಗುತ್ತಿದ್ದದ್ದೂ ಇದಕ್ಕೇ.

ಮುಚ್ಚಳ ತೆಗೆದಾಗ ಅರ್ಧ ಚಮಚದಷ್ಟು ಕೆಂಪು ನೀರು ಸುರಿಯಿತು. ಮ್ಯಾಗ್ನೆಟ್‌ಗೂ ಒಳಗೆ ತಿರುಗುವ ಭಾಗವಾದ ಆರ್ಮೇಚರ್‌ಗೂ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ತುಕ್ಕು ಉಬ್ಬಿ ಎರಡನ್ನೂ ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ಹೊಡೆಯಬೇಡಿ. ಈ ಮ್ಯಾಗ್ನೆಟ್‌ಗಳು ಪಿಂಗಾಣಿಯಂತೆ ಬಿರುಕು ಬಿಡುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಶಾಫ್ಟ್ ಹಿಡಿದು ಆ ಕಡೆ ಈ ಕಡೆ ಸ್ವಲ್ಪ ಸ್ವಲ್ಪ ತಿರುಗಿಸಿದೆ. ಕಟಕ್ ಅಂತ ಬಿಟ್ಟಿತು. ಆ ಶಬ್ದ ಕೇಳಿ ಆದ ಖುಷಿ ಹೇಳತೀರದು!

ಆರ್ಮೇಚರ್ ಮೇಲಿನ ತುಕ್ಕನ್ನು ಪಾಲಿಶ್ ಪೇಪರಿನಿಂದ ಉಜ್ಜಿದೆ. ಅದರ ತುದಿಯಲ್ಲಿ ಕರೆಂಟ್ ಪಡೆಯುವ ತಾಮ್ರದ ಉಂಗುರ, ಅಂದರೆ ಕಮ್ಯುಟೇಟರ್‌ಗೆ ಮಾತ್ರ ತೀರಾ ನಯವಾದದ್ದು ಬಳಸಿ, ತಾಮ್ರದ ಪಟ್ಟಿಗಳ ನಡುವಿನ ಗೆರೆಗಳಲ್ಲಿ ಕೂತ ಕಪ್ಪು ಪುಡಿಯನ್ನು ಬಿದಿರು ಕಡ್ಡಿಯಿಂದ ಕೆರೆದೆ. ಕಮ್ಯುಟೇಟರ್‌ಗೆ ಒತ್ತಿ ನಿಂತು ಕರೆಂಟ್ ಕೊಡುವ ಕಾರ್ಬನ್ ಬ್ರಷ್‌ಗಳಲ್ಲಿ ಒಂದು ಗೂಡಿನಲ್ಲೇ ಅಂಟಿಕೊಂಡಿತ್ತು. ಅದು ಸ್ಪ್ರಿಂಗ್ ಮೇಲೆ ಸಲೀಸಾಗಿ ಜಾರಬೇಕು. ಇನ್ನು ಒಣಗಿಸುವುದು. ಆಗಸ್ಟ್‌ನಲ್ಲಿ ಭಾಗಮಂಡಲದ ಕಡೆ ಬಿಸಿಲು ಎಲ್ಲಿಂದ ತರುವುದು? ಸೌದೆ ಒಲೆಯಿಂದ ನಾಲ್ಕಡಿ ದೂರದಲ್ಲಿ ಎರಡು ದಿನ ಇಟ್ಟೆ. ಆಮೇಲೆ ಮಲ್ಟಿಮೀಟರ್ ಹಿಡಿದು ಕಮ್ಯುಟೇಟರ್‌ಗೂ ಶಾಫ್ಟಿಗೂ ಸಂಪರ್ಕ ಇಲ್ಲ ಅಂತ ಖಚಿತ ಮಾಡಿಕೊಂಡೆ. ಬೀಪ್ ಬಂದಿದ್ದರೆ ಆರ್ಮೇಚರ್ ಕೆಲಸಕ್ಕೆ ಬರುತ್ತಿರಲಿಲ್ಲ.

ಆದರೆ ನೀರು ಒಳಗೇ ನಿಂತದ್ದೇಕೆ? ಮುಚ್ಚಳದ ತಳದಲ್ಲಿ ಒಂದು ಸಣ್ಣ ತೂತು ಇತ್ತು, ಬಂದ ನೀರು ಹೊರಗೆ ಹೋಗಲಿ ಅಂತಲೇ ಇಟ್ಟದ್ದು. ತೋಟದ ದಾರಿಯ ಕೆಂಪು ಮಣ್ಣು ಅದರಲ್ಲಿ ಗಟ್ಟಿಯಾಗಿ ಕೂತಿತ್ತು. ಶಾಫ್ಟಿನ ರಬ್ಬರ್ ಸೀಲ್ ಕೂಡ ಸವೆದಿತ್ತು. ನಾನು ಗಾಡಿಯ ಅಡಿಗೆ ಜೋರಾಗಿ ಪ್ರೆಷರ್ ನೀರು ಬಿಡುತ್ತಿದ್ದೆ, ಅದೂ ಸೀಲ್ ದಾಟಿ ನುಗ್ಗಿರಬೇಕು. ತೂತು ಬಿಡಿಸಿ, ಹೊಸ ಸೀಲ್ ಹಾಕಿ, ಗೇರಿಗೆ ಹೊಸ ಗ್ರೀಸ್ ತುಂಬಿದೆ. ಜೋಡಿಸುವಾಗ ಬ್ರಷ್‌ಗಳನ್ನು ತೆಳು ತಂತಿಯಿಂದ ಹಿಂದಕ್ಕೆ ಹಿಡಿದುಕೊಳ್ಳಿ. ಮ್ಯಾಗ್ನೆಟ್ ಆರ್ಮೇಚರನ್ನು ರಪ್ಪನೆ ಎಳೆಯುತ್ತದೆ, ಬೆರಳು ಜೋಪಾನ.

ಬಲಗಡೆಯದ್ದು ಚೆನ್ನಾಗಿ ಓಡುತ್ತಿತ್ತು. ಆದರೂ ಅದರ ತೂತನ್ನೂ ನೋಡಿದೆ. ಅಲ್ಲೂ ಮಣ್ಣು. ಈಗ ಮಳೆಗಾಲದಲ್ಲಿ ಪ್ರತಿ ಭಾನುವಾರ ಎರಡು ತೂತಿಗೂ ಕಡ್ಡಿ ಆಡಿಸುತ್ತೇನೆ, ಅಮ್ಮ ಬಾಗಿಲು ತೆರೆದು ಮುಚ್ಚಿ ಮೆಟ್ಟಿಲು ಇಳಿಯಿತಾ ಅಂತ ನೋಡಿ ಹೇಳುತ್ತಾರೆ.